ಪರದೆಯ ಮೇಲೆ ನಾಳ ತೆರೆದುಕೊಂಡಿತು, ರೋಗಿಗೆ ಏನಾಯಿತು?

ಕೋಣೆಯ ದೀಪ ಮಂಕಾಗಿದೆ. ಮೇಜಿನ ಮೇಲೆ ಮಲಗಿರುವ ರೋಗಿಗೆ ಎಚ್ಚರವಿದೆ. ತೊಡೆಸಂದಿನಲ್ಲಿ ಒಂದು ಸಣ್ಣ ತೂತು, ಅದರ ಮೂಲಕ ಒಳಗೆ ಹೋಗಿರುವ ತೆಳುವಾದ ಕೊಳವೆ. ಡಾಕ್ಟರ ಕಣ್ಣು ಎದುರಿನ ಪರದೆಯ ಮೇಲಿದೆ. ಎಕ್ಸ್‌ರೇಯಲ್ಲಿ ಕಾಣುವಂಥ ದ್ರವ, ಅಂದರೆ ಡೈ, ಬಿಟ್ಟ ಕೂಡಲೇ ರಕ್ತನಾಳ ಎಲೆ ಉದುರಿದ ಕೊಂಬೆಯ ಹಾಗೆ ಕಪ್ಪಾಗಿ ಮೂಡುತ್ತದೆ. ಒಂದು ಕಡೆ ಆ ಕೊಂಬೆ ಸಣ್ಣಗಾಗಿ ದಾರದಷ್ಟಾಗಿದೆ. ಅಲ್ಲಿ ಬಲೂನ್ ಉಬ್ಬಿಸುತ್ತಾರೆ, ಇಳಿಸುತ್ತಾರೆ, ಮತ್ತೆ ಡೈ ಬಿಡುತ್ತಾರೆ. ದಾರವಿದ್ದ ಕಡೆ ಈಗ ಹಗ್ಗದಷ್ಟು ದಪ್ಪ ಹರಿವು. ಸುತ್ತ ನಿಂತವರ ಮುಖ ಅರಳುತ್ತದೆ.

ಆ ಖುಷಿ ಸಹಜ. ಕಣ್ಣೆದುರೇ ಕೆಲಸ ಆಯಿತಲ್ಲ! ಆದರೆ ವೈದ್ಯಕೀಯ ಸಂಶೋಧನೆಯ ಕೆಲಸ ಶುರುವಾಗುವುದೇ ಅಲ್ಲಿಂದ. ಚಿತ್ರ ಸರಿಯಾಯಿತು, ಒಪ್ಪೋಣ. ಮಲಗಿದ್ದ ಮನುಷ್ಯನ ನೋವು ಕಡಿಮೆಯಾಯಿತಾ? ಮೊದಲಿಗಿಂತ ದೂರ ನಡೆಯಲು ಆಗುತ್ತದಾ? ಐದು ವರ್ಷ ಕಳೆದ ಮೇಲೂ ಚೆನ್ನಾಗಿರುತ್ತಾರಾ? ಬಲೂನ್ ಹಾಕದೇ ಇದ್ದಿದ್ದರೂ ಇಷ್ಟೇ ಸುಧಾರಿಸುತ್ತಿದ್ದರಾ? ಪರದೆ ಇದ್ಯಾವುದನ್ನೂ ಹೇಳುವುದಿಲ್ಲ. ಈ ಪ್ರಶ್ನೆಗಳನ್ನು ಹಟ ಹಿಡಿದು ಕೇಳಿದಾಗ ಬಂದ ಉತ್ತರಗಳು ಕೆಲವು ಸಲ ಡಾಕ್ಟರುಗಳನ್ನೇ ಬೆಚ್ಚಿಬೀಳಿಸಿವೆ. ಅಂಥ ಕೆಲವು ಪ್ರಯೋಗಗಳ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ಇಂಥ ಚಿಕಿತ್ಸೆ ಇವತ್ತಲ್ಲ ನಾಳೆ ನಮ್ಮಲ್ಲಿ ಬಹಳ ಜನರಿಗೆ ಬೇಕಾಗಬಹುದು. ಅದನ್ನು ಪರೀಕ್ಷೆ ಮಾಡುವುದು ಹೇಗೆ ಅಂತ ತಿಳಿದಿದ್ದರೆ ಒಳ್ಳೆಯದು, ಅಲ್ವಾ?

ಸೂಜಿ, ತಂತಿ, ಕೊಳವೆ

ಮೊದಲು ಈ ಚಿಕಿತ್ಸೆಗಳು ಯಾವುವು ಅಂತ ನೋಡೋಣ. ದೊಡ್ಡದಾಗಿ ಕೊಯ್ಯುವುದಿಲ್ಲ. ಚರ್ಮದಲ್ಲಿ ಕೆಲವೇ ಮಿಲಿಮೀಟರ್ ಅಗಲದ ತೂತು ಮಾಡುತ್ತಾರೆ. ಎಕ್ಸ್‌ರೇ, ಅಲ್ಟ್ರಾಸೌಂಡ್, ಸಿಟಿ ಅಥವಾ ಎಂಆರ್‌ಐ ಚಿತ್ರ ನೋಡುತ್ತಾ ಒಳಗೆ ಕೆಲಸ ಮಾಡುತ್ತಾರೆ. ಕಟ್ಟಿಕೊಂಡ ನಾಳ ಬಿಡಿಸುವುದು, ರಕ್ತ ಸೋರುವ ನಾಳ ಮುಚ್ಚುವುದು, ಕೀವು ತೆಗೆಯುವುದು, ಲಿವರ್‌ನಲ್ಲಿರುವ ಗೆಡ್ಡೆಯನ್ನು ಸೂಜಿಯ ಶಾಖದಿಂದ ಸುಡುವುದು, ಗರ್ಭಕೋಶದ ಫೈಬ್ರಾಯ್ಡ್ ಗೆಡ್ಡೆಗೆ ಹೋಗುವ ರಕ್ತ ನಿಲ್ಲಿಸಿ ಅದನ್ನು ಕುಗ್ಗಿಸುವುದು, ಎಲ್ಲವೂ ಈ ಗುಂಪಿಗೆ ಸೇರುತ್ತವೆ. ಹೃದಯದ ಆಂಜಿಯೋಪ್ಲಾಸ್ಟಿಯೂ ಇದೇ ಜಾತಿಯದು.

ರಕ್ತನಾಳದ ಮೂಲಕ ಮಾಡುವ ಕೆಲಸಕ್ಕೆಲ್ಲ ಬುನಾದಿ ಒಂದು ಸರಳ ಉಪಾಯ. ಸ್ವೀಡನ್ನಿನ ರೇಡಿಯಾಲಜಿಸ್ಟ್ ಸ್ವೆನ್ ಇವಾರ್ ಸೆಲ್ಡಿಂಗರ್ ಅದನ್ನು 1953ರಲ್ಲಿ ಪ್ರಕಟಿಸಿದರು. ಮೊದಲು ಟೊಳ್ಳು ಸೂಜಿಯನ್ನು ನಾಳಕ್ಕೆ ಚುಚ್ಚುವುದು. ಸೂಜಿಯೊಳಗಿಂದ ಬಳುಕುವ ತಂತಿ ಬಿಡುವುದು. ಸೂಜಿ ಹೊರಗೆ ತೆಗೆಯುವುದು, ತಂತಿ ಅಲ್ಲೇ ಇರಲಿ. ಆ ತಂತಿಗೆ ಮಣಿ ಪೋಣಿಸಿದ ಹಾಗೆ ಕೊಳವೆಯನ್ನು ಜಾರಿಸಿ ಒಳಗೆ ಕಳಿಸುವುದು. ಕೊನೆಗೆ ತಂತಿ ಎಳೆದುಕೊಳ್ಳುವುದು. ಅಷ್ಟೇ. ಇವತ್ತಿಗೂ ಜಗತ್ತಿನ ಎಲ್ಲ ಕಡೆ ಇದೇ ಕ್ರಮ.

ಆ ಕೊಳವೆಯಿಂದ ಚಿಕಿತ್ಸೆಯನ್ನೂ ಮಾಡಬಹುದು ಅಂತ ತೋರಿಸಿದವರು ಅಮೆರಿಕದ ಚಾರ್ಲ್ಸ್ ಡಾಟರ್. 1964ರ ಜನವರಿ 16ರಂದು, ಆರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್‌ನಲ್ಲಿ. ರೋಗಿ 82 ವರ್ಷದ ಅಜ್ಜಿ. ಕಾಲಿಗೆ ರಕ್ತ ಹೋಗದೆ ಪಾದ ಕೊಳೆಯತೊಡಗಿತ್ತು. ಕಾಲು ಕತ್ತರಿಸಬೇಕು ಅಂದಾಗ ಅಜ್ಜಿ ಸುತಾರಾಂ ಒಪ್ಪಲಿಲ್ಲ. ಡಾಟರ್ ಒಂದಕ್ಕಿಂತ ಒಂದು ದಪ್ಪನೆಯ ಕೊಳವೆಗಳನ್ನು ತೂರಿಸಿ ತೊಡೆಯ ನಾಳವನ್ನು ಅಗಲ ಮಾಡಿದರು. ಪಾದ ಬೆಚ್ಚಗಾಯಿತು. ಆಮೇಲೆ ಎರಡೂವರೆ ವರ್ಷ ಆಕೆ ತನ್ನ ಎರಡೂ ಕಾಲಿನ ಮೇಲೆ ನಡೆದಾಡಿಕೊಂಡಿದ್ದು, ನ್ಯುಮೋನಿಯಾದಿಂದ ತೀರಿಕೊಂಡರು.

ಎಷ್ಟು ಚೆಂದದ ಕಥೆ! ಆದರೆ ಇದು ಒಬ್ಬರ ಕಥೆ. ಮುಂದಿನ ನೂರು ಜನಕ್ಕೆ ಏನಾಗುತ್ತದೆ ಅಂತ ಇದರಿಂದ ಗೊತ್ತಾಗುವುದಿಲ್ಲ. ಹೊಸ ಚಿಕಿತ್ಸೆ ಹುಟ್ಟುವುದು ಬಹುತೇಕ ಹೀಗೆಯೇ, ಒಬ್ಬ ಧೈರ್ಯದ ಡಾಕ್ಟರು ಮತ್ತು ಬೇರೆ ದಾರಿ ಇಲ್ಲದ ಒಬ್ಬ ರೋಗಿಯಿಂದ. ಅದು ಎಲ್ಲರಿಗೂ ಮಾಡಬಹುದಾದ ಚಿಕಿತ್ಸೆ ಆಗಬೇಕಾದರೆ ನಡುವೆ ಬಹಳ ದೂರ ನಡೆಯಬೇಕು.

ಮಾತ್ರೆಯಷ್ಟು ಸುಲಭವಲ್ಲ

ಹೊಸ ಮಾತ್ರೆಯನ್ನು ಪರೀಕ್ಷಿಸುವ ಕ್ರಮ ನೇರವಾದದ್ದು. ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡುತ್ತಾರೆ. ಈಗ ಆ ಚೀಟಿ ಎತ್ತುವುದನ್ನು ಕಂಪ್ಯೂಟರ್ ಮಾಡುತ್ತದೆ. ಒಂದು ಗುಂಪಿಗೆ ಔಷಧಿ ಇರುವ ಮಾತ್ರೆ, ಇನ್ನೊಂದಕ್ಕೆ ನೋಡಲು ಥೇಟ್ ಅದೇ ಥರ ಇರುವ ಆದರೆ ಔಷಧಿ ಇಲ್ಲದ ಮಾತ್ರೆ. ಯಾರಿಗೆ ಯಾವುದು ಸಿಕ್ಕಿತು ಅಂತ ರೋಗಿಗೂ ಗೊತ್ತಿಲ್ಲ, ಕೊಡುವ ಡಾಕ್ಟರಿಗೂ ಗೊತ್ತಿಲ್ಲ.

ಕೊಳವೆ ಹಿಡಿದು ಮಾಡುವ ಕೆಲಸದಲ್ಲಿ ಇದು ಹೀಗೆ ನಡೆಯುವುದಿಲ್ಲ. ಡಾಕ್ಟರಿಗೆ ತಾನು ಏನು ಮಾಡಿದೆ ಅಂತ ಗೊತ್ತಿರಲೇಬೇಕು. ಮಾತ್ರೆ ಸಾವಿರ ಸಲ ಮಾಡಿದರೂ ಒಂದೇ ಥರ ಇರುತ್ತದೆ, ಕೈ ಹಾಗಲ್ಲ. ಐನೂರು ಸಲ ಮಾಡಿದವರ ಕೈಗೂ ಐದು ಸಲ ಮಾಡಿದವರ ಕೈಗೂ ವ್ಯತ್ಯಾಸ ಇದೆ. ಪ್ರಯೋಗ ತೀರಾ ಬೇಗ ಮಾಡಿದರೆ ಕಲಿಯುವವರ ತಪ್ಪುಗಳೆಲ್ಲ ಚಿಕಿತ್ಸೆಯ ಲೆಕ್ಕಕ್ಕೆ ಬೀಳುತ್ತವೆ. ತಡ ಮಾಡಿದರೆ, ಅಷ್ಟರಲ್ಲಿ ಎಲ್ಲರೂ ಅದನ್ನು ನಂಬಿಬಿಟ್ಟಿರುತ್ತಾರೆ, ಚೀಟಿ ಎತ್ತಲು ಯಾರೂ ಒಪ್ಪುವುದಿಲ್ಲ. ಇನ್ನೊಂದು ಕಷ್ಟ ಉಪಕರಣದ್ದು. ಪ್ರಯೋಗ ಮುಗಿಯಲು ಐದು ವರ್ಷ ಹಿಡಿದರೆ, ಮುಗಿಯುವ ಹೊತ್ತಿಗೆ ಮಾರುಕಟ್ಟೆಯಲ್ಲಿ ಬೇರೆಯೇ ಕೊಳವೆ, ಬೇರೆಯೇ ಸ್ಟೆಂಟ್ (ನಾಳ ತೆರೆದಿರಲಿ ಅಂತ ಒಳಗಿಡುವ ಜಾಲರಿ ಕೊಳವೆ) ಬಂದಿರುತ್ತದೆ.

ಇವೆಲ್ಲಕ್ಕಿಂತ ಮುಖ್ಯವಾದದ್ದು ಮನಸ್ಸು. ಆಸ್ಪತ್ರೆಗೆ ಸೇರುವುದು, ಹಸಿರು ಬಟ್ಟೆ, ದೊಡ್ಡ ಯಂತ್ರ, ಸುತ್ತ ನಾಲ್ಕು ಜನ, ಕೊನೆಗೆ ಡಾಕ್ಟರು ಬಂದು ‘ಎಲ್ಲ ಚೆನ್ನಾಗಿ ಆಯ್ತು’ ಅನ್ನುವುದು. ಇಷ್ಟಾದ ಮೇಲೆ ಬಹಳ ಜನರಿಗೆ ನೋವು ನಿಜವಾಗಿಯೂ ಕಡಿಮೆಯಾಗುತ್ತದೆ. ಇದು ಸುಳ್ಳು ನೋವೂ ಅಲ್ಲ, ನಾಟಕವೂ ಅಲ್ಲ. ನಂಬಿಕೆ ನೋವನ್ನು ಇಳಿಸುತ್ತದೆ. ಇದರ ಜೊತೆ ಇನ್ನೊಂದು ವಿಷಯ ಸೇರಿಕೊಳ್ಳುತ್ತದೆ. ನಾವು ಡಾಕ್ಟರ ಹತ್ತಿರ ಓಡುವುದು ನೋವು ತಡೆಯಲಾರದಷ್ಟು ಆದಾಗ. ಅಷ್ಟು ಮೇಲೆ ಹೋದ ನೋವು ಏನೂ ಮಾಡದೇ ಇದ್ದರೂ ಸ್ವಲ್ಪ ಕೆಳಗಿಳಿಯುವುದೇ ಜಾಸ್ತಿ. ಆ ನಡುವೆ ಸೂಜಿ ಚುಚ್ಚಿದ್ದರೆ ಹೆಸರು ಸೂಜಿಗೆ ಬರುತ್ತದೆ.

ಇದನ್ನೆಲ್ಲ ಬೇರೆ ಮಾಡಿ ನೋಡಲು ಇರುವ ದಾರಿ ಹುಸಿ ಚಿಕಿತ್ಸೆ. ಕೋಣೆ ಅದೇ, ಮೇಜು ಅದೇ, ಮಾತು ಅದೇ. ಮುಖ್ಯ ಕೆಲಸ ಮಾತ್ರ ಮಾಡುವುದಿಲ್ಲ. ಕೇಳಲು ಕ್ರೂರ ಅನ್ನಿಸಬಹುದು. ಆದರೆ ಪ್ರಯೋಗಕ್ಕೆ ಸೇರುವವರಿಗೆ ಇದನ್ನು ಮೊದಲೇ ಬಿಡಿಸಿ ಹೇಳಿ ಒಪ್ಪಿಗೆ ಪಡೆದಿರುತ್ತಾರೆ. ಯಾವುದು ಒಳ್ಳೆಯದು ಅಂತ ಡಾಕ್ಟರುಗಳಿಗೇ ನಿಜವಾಗಿ ಗೊತ್ತಿಲ್ಲದಾಗ ಮಾತ್ರ ಹೀಗೆ ಮಾಡಲು ನೀತಿ ಸಮಿತಿ ಬಿಡುತ್ತದೆ.

ಸಿಮೆಂಟಿನ ವಾಸನೆ

ವಯಸ್ಸಾದವರಲ್ಲಿ ಮೂಳೆ ಟೊಳ್ಳಾಗುತ್ತದೆ. ಒಮ್ಮೊಮ್ಮೆ ಬಗ್ಗಿ ಏನೋ ಎತ್ತಿದ್ದಕ್ಕೇ ಬೆನ್ನುಮೂಳೆಯ ಒಂದು ಬಿಲ್ಲೆ ಕುಸಿದುಬಿಡುತ್ತದೆ. ಮಗ್ಗುಲು ಬದಲಿಸಲೂ ಆಗದಷ್ಟು ನೋವು. ಇದಕ್ಕೆ ಮಾಡುವ ವರ್ಟಿಬ್ರೋಪ್ಲಾಸ್ಟಿ ಅನ್ನುವ ಚಿಕಿತ್ಸೆ 1984ರಲ್ಲಿ ಫ್ರಾನ್ಸ್‌ನಲ್ಲಿ ಹುಟ್ಟಿತು. ಎಕ್ಸ್‌ರೇ ನೋಡುತ್ತಾ ಬೆನ್ನಿನಿಂದ ಸೂಜಿ ಚುಚ್ಚಿ, ಕುಸಿದ ಮೂಳೆಯೊಳಗೆ ಮೂಳೆ ಸಿಮೆಂಟ್ ತುಂಬಿಸುತ್ತಾರೆ. ಅದು ಗಟ್ಟಿಯಾಗಿ ಮುರಿದ ಚೂರುಗಳನ್ನು ಹಿಡಿದಿಡುತ್ತದೆ. ಚಿತ್ರದಲ್ಲಿ ಸಿಮೆಂಟ್ ಮೂಳೆ ತುಂಬಾ ಹರಡಿಕೊಳ್ಳುವುದು ಸ್ಪಷ್ಟವಾಗಿ ಕಾಣುತ್ತದೆ. ಹೊತ್ತುಕೊಂಡು ಬಂದ ರೋಗಿ ಮರುದಿನ ನಡೆದುಕೊಂಡು ಹೋದರು ಅನ್ನುವ ಅನುಭವ ಬಹಳ ಡಾಕ್ಟರುಗಳಿಗಿತ್ತು. ಇದಕ್ಕಿಂತ ಪುರಾವೆ ಬೇಕಾ ಅಂತ ಕೇಳುವಂತಿತ್ತು.

2009ರಲ್ಲಿ ಒಂದೇ ವೈದ್ಯಕೀಯ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ಪ್ರಯೋಗಗಳ ಫಲಿತಾಂಶ ಬಂತು. ಒಂದು ಆಸ್ಟ್ರೇಲಿಯಾದ್ದು, 78 ಜನ. ಇನ್ನೊಂದರ ಹೆಸರು ಇನ್‌ವೆಸ್ಟ್, 131 ಜನ. ಹುಸಿ ಚಿಕಿತ್ಸೆ ಹೇಗಿತ್ತು ಅಂತ ಕೇಳಿ. ಇನ್‌ವೆಸ್ಟ್‌ನಲ್ಲಿ ಎಲ್ಲರನ್ನೂ ಬೋರಲು ಮಲಗಿಸಿದರು. ಎಲ್ಲರಿಗೂ ಚರ್ಮಕ್ಕೆ, ಮೂಳೆಯ ಮೇಲ್ಪದರಕ್ಕೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟರು. ಹುಸಿ ಗುಂಪಿನವರ ಬೆನ್ನನ್ನು ಕೈಯಿಂದ ಒತ್ತಿದರು, ಕೆಲಸ ನಡೆಯುತ್ತಿದೆ ಅನ್ನುವ ಹಾಗೆ ಮಾತಾಡಿದರು. ಮೂಳೆ ಸಿಮೆಂಟಿಗೆ ಒಂದು ಘಾಟು ವಾಸನೆ ಇದೆ, ಕೋಣೆ ತುಂಬಾ ಹರಡುತ್ತದೆ. ಅದಕ್ಕೇ ಸಿಮೆಂಟಿನ ದ್ರವದ ಬಾಟಲಿ ತೆರೆದಿಟ್ಟರು. ವಾಸನೆ ಬಂತು, ಸಿಮೆಂಟ್ ಮಾತ್ರ ಮೂಳೆಗೆ ಹೋಗಲಿಲ್ಲ. ಆಸ್ಟ್ರೇಲಿಯಾದವರು ಇನ್ನೂ ಮುಂದೆ ಹೋಗಿ ಮೂಳೆಯವರೆಗೆ ಸೂಜಿ ಇಟ್ಟು ಮೆಲ್ಲಗೆ ತಟ್ಟಿದರು.

ಫಲಿತಾಂಶ? ಎರಡೂ ಗುಂಪಿನವರ ನೋವು ಕಡಿಮೆಯಾಯಿತು. ಎರಡರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ. ಮರುದಿನ ನಡೆದು ಹೋದ ರೋಗಿಗಳು ಸುಳ್ಳಾಗಿರಲಿಲ್ಲ. ಸಿಮೆಂಟ್ ಇಲ್ಲದೆಯೂ ಅವರು ನಡೆಯುತ್ತಿದ್ದರು ಅನ್ನುವುದು ಯಾರಿಗೂ ಗೊತ್ತಿರಲಿಲ್ಲ, ಅಷ್ಟೇ.

ಆಗ ಎದ್ದ ಜಗಳವೂ ಬರೀ ಹಟದ್ದಾಗಿರಲಿಲ್ಲ. ಆ ಪ್ರಯೋಗಗಳಲ್ಲಿ ಒಂದು ವರ್ಷದಷ್ಟು ಹಳೆಯ ಮುರಿತದವರನ್ನೂ ಸೇರಿಸಿದ್ದರು. ಹೊಸ ಮುರಿತಕ್ಕೆ, ತೀವ್ರ ನೋವಿಗೆ ಸಿಮೆಂಟ್ ಉಪಯೋಗ ಆಗಬಹುದಲ್ಲ ಅಂತ ವಾದ. ಒಳ್ಳೆಯ ವಾದವೇ. ಅದನ್ನೂ ಪರೀಕ್ಷೆ ಮಾಡಿದರು. 2016ರಲ್ಲಿ ಬಂದ ವೇಪರ್ ಅನ್ನುವ ಪ್ರಯೋಗದಲ್ಲಿ ಆರು ವಾರದೊಳಗಿನ ಮುರಿತ, ಜೋರು ನೋವು ಇದ್ದ 120 ಜನ. ಎರಡು ವಾರದ ಹೊತ್ತಿಗೆ ನೋವು ಹಿಡಿತಕ್ಕೆ ಬಂದವರು ಸಿಮೆಂಟ್ ಗುಂಪಿನಲ್ಲಿ ನೂರಕ್ಕೆ 44, ಹುಸಿ ಗುಂಪಿನಲ್ಲಿ 21. ಸರಿ, ಗೆದ್ದರು ಅನ್ನಿಸುತ್ತದೆ. ಆದರೆ 2018ರಲ್ಲಿ ನೆದರ್‌ಲ್ಯಾಂಡ್ಸ್‌ನಿಂದ ವರ್ಟೋಸ್ 4 ಬಂತು. 180 ಜನ, ಒಂಬತ್ತು ವಾರದವರೆಗಿನ ಮುರಿತ. ವ್ಯತ್ಯಾಸ ಇಲ್ಲ. ಎಲ್ಲ ಕುಸಿತಕ್ಕೂ ಸಿಮೆಂಟ್ ಅನ್ನುವ ಕಾಲ ಮುಗಿದಿದೆ. ಮುರಿತ ತೀರಾ ಹೊಸದಾಗಿದ್ದು ನೋವು ತಡೆಯಲಾರದಷ್ಟಿರುವ ಕೆಲವರಿಗೆ ಪ್ರಯೋಜನ ಇದೆಯಾ ಅನ್ನುವುದರ ಮೇಲೆ ವಾದ ಇವತ್ತಿಗೂ ನಡೆದಿದೆ. ಒಂದು ಪ್ರಯೋಗ ‘ಇಲ್ಲ’ ಅಂದಾಗ, ಯಾರಿಗೆ ಇಲ್ಲ ಅಂತ ಕೇಳಬೇಕು ಅನ್ನುವುದನ್ನು ಈ ಸಿಮೆಂಟ್ ನನಗೆ ಕಲಿಸಿತು.

ಬಿಪಿ ಇಳಿದದ್ದು ಯಾಕೆ?

ಬಿಪಿಯ ಕಥೆ ಇನ್ನೂ ನಾಟಕೀಯ. ಕಿಡ್ನಿಗೆ ಹೋಗುವ ರಕ್ತನಾಳದ ಗೋಡೆಯ ಸುತ್ತ ಇರುವ ನರಗಳು ಬಿಪಿ ಏರಿಸುವುದರಲ್ಲಿ ಪಾಲು ಪಡೆಯುತ್ತವೆ. ಕೊಳವೆ ತೂರಿಸಿ ಆ ನರಗಳನ್ನು ಶಾಖದಿಂದ ಸುಟ್ಟರೆ ಬಿಪಿ ಇಳಿಯಬೇಕು ಅಲ್ವಾ? 2010ರಲ್ಲಿ ಬಂದ ಸಿಂಪ್ಲಿಸಿಟಿ ಎಚ್‌ಟಿಎನ್ 2 ಅನ್ನುವ ಪ್ರಯೋಗದಲ್ಲಿ ಮೇಲಿನ ಬಿಪಿ ಆರು ತಿಂಗಳಲ್ಲಿ 32 ಅಂಕ ಇಳಿಯಿತು. ಇದು ಭಾರೀ ಇಳಿಕೆ. ಹಲವು ದೇಶಗಳಲ್ಲಿ ಚಿಕಿತ್ಸೆ ಶುರುವೂ ಆಯಿತು. ಆದರೆ ಆ ಪ್ರಯೋಗದಲ್ಲಿ ಹುಸಿ ಚಿಕಿತ್ಸೆ ಇರಲಿಲ್ಲ.

2014ರಲ್ಲಿ ಸಿಂಪ್ಲಿಸಿಟಿ ಎಚ್‌ಟಿಎನ್ 3 ಬಂತು, 535 ಜನ, ಹುಸಿ ಗುಂಪಿನ ಸಮೇತ. ನರ ಸುಟ್ಟವರಲ್ಲಿ ಮೇಲಿನ ಬಿಪಿ ಸುಮಾರು 14 ಅಂಕ ಇಳಿಯಿತು. ಬರೀ ಡೈ ಬಿಟ್ಟು ಚಿತ್ರ ತೆಗೆದು ಕಳಿಸಿದವರಲ್ಲಿ ಸುಮಾರು 12. ಎರಡೂಚಿಲ್ಲರೆ ಅಂಕದ ಅಂತರ, ಅದೂ ಆಕಸ್ಮಿಕ ಇರಬಹುದು. ಏನೂ ಮಾಡಿಸಿಕೊಳ್ಳದವರ ಬಿಪಿ 12 ಅಂಕ ಯಾಕೆ ಇಳಿಯಿತು? ಪ್ರಯೋಗದಲ್ಲಿದ್ದೇನೆ ಅಂದಾಗ ಮಾತ್ರೆಯನ್ನು ಹೊತ್ತುಹೊತ್ತಿಗೆ ನುಂಗುತ್ತೇವೆ. ಬಿಪಿ ಬಹಳ ಜಾಸ್ತಿ ಇದ್ದ ದಿನ ಆರಿಸಿಕೊಂಡವರನ್ನು ಮತ್ತೆ ಅಳೆದರೆ ಕಡಿಮೆ ಬರುವುದೂ ಸಹಜ.

ಅಲ್ಲಿಗೆ ಎಲ್ಲ ಮುಗಿಯಿತು ಅಂದುಕೊಂಡರು. ನನಗೆ ಮೆಚ್ಚುಗೆಯಾಗುವುದು ಆಮೇಲಿನ ಕೆಲಸ. ಸಂಶೋಧಕರು ಸೋತ ಪ್ರಯೋಗವನ್ನೇ ಬಿಚ್ಚಿ ನೋಡಿದರು. ಬಹಳ ಡಾಕ್ಟರುಗಳು ಒಬ್ಬಿಬ್ಬರಿಗೆ ಮಾತ್ರ ಮಾಡಿದ್ದರು, ಕೈ ಕುದುರಿರಲಿಲ್ಲ. ನಾಳದ ಸುತ್ತಲೂ ಪೂರ್ತಿ ಸುಟ್ಟಿರಲಿಲ್ಲ. ಉಪಕರಣ ಬದಲಾಯಿತು, ಔಷಧಿಗಳ ಲೆಕ್ಕ ಬಿಗಿಯಾಯಿತು, ಹೊಸ ಪ್ರಯೋಗಗಳು ನಡೆದವು, ಎಲ್ಲವೂ ಹುಸಿ ಗುಂಪಿನ ಜೊತೆಗೆ. ಈ ಸಲ ಇಳಿಕೆ ನಿಜ ಅಂತ ಗೊತ್ತಾಯಿತು, ಆದರೆ ಸಾಧಾರಣ ಇಳಿಕೆ. 32ರ ಹತ್ತಿರಕ್ಕೂ ಇಲ್ಲ. 2023ರ ನವೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇಂಥ ಎರಡು ಉಪಕರಣಗಳಿಗೆ ಒಪ್ಪಿಗೆ ಕೊಟ್ಟಿತು.

ಕಿವಿಗೆ ಹೆಡ್‌ಫೋನ್

ಹೃದಯದ ಸ್ಟೆಂಟ್ ಬಗ್ಗೆ ಮಾತಾಡುವ ಮೊದಲು ಒಂದು ಎಚ್ಚರಿಕೆ. ಹಾರ್ಟ್ ಅಟ್ಯಾಕ್ ಆಗುತ್ತಿರುವಾಗ ಕಟ್ಟಿದ ನಾಳ ಬಿಡಿಸುವುದು ಜೀವ ಉಳಿಸುವ ಕೆಲಸ. ಅದರಲ್ಲಿ ಅನುಮಾನವೇ ಇಲ್ಲ. ಮುಂದೆ ಹೇಳುವುದು ಸ್ಥಿರವಾದ ಎದೆನೋವಿನ ಬಗ್ಗೆ, ಅಂದರೆ ಮೆಟ್ಟಿಲು ಹತ್ತಿದಾಗ ಬಂದು ನಿಂತಾಗ ಹೋಗುವಂಥ ನೋವು.

ಆರ್ಬಿಟಾ ಬ್ರಿಟನ್ನಿನ ಪ್ರಯೋಗ, 2017ರ ಕೊನೆಗೆ ಪ್ರಕಟವಾಯಿತು. ಒಂದು ನಾಳದಲ್ಲಿ 70 ಪರ್ಸೆಂಟ್ ಅಥವಾ ಅದಕ್ಕಿಂತ ಜಾಸ್ತಿ ಕಟ್ಟಿಕೊಂಡಿದ್ದ 200 ಜನ. ಎಲ್ಲರಿಗೂ ಮೊದಲು ಆರು ವಾರ ಔಷಧಿಯನ್ನು ಸರಿಯಾಗಿ ಹೊಂದಿಸಿ ಕೊಟ್ಟರು. ಆಮೇಲೆ ಎಲ್ಲರನ್ನೂ ಮೇಜಿಗೆ ತಂದರು. ಕಿವಿಗೆ ಹೆಡ್‌ಫೋನ್, ಅದರಲ್ಲಿ ಸಂಗೀತ, ಡಾಕ್ಟರು ನರ್ಸುಗಳ ಮಾತು ಕೇಳಬಾರದು ಅಂತ. ಮಂಪರು ಬರುವ ಇಂಜೆಕ್ಷನ್. ಅರ್ಧ ಜನರಿಗೆ ಸ್ಟೆಂಟ್ ಹಾಕಿದರು. ಉಳಿದವರನ್ನು ಕನಿಷ್ಠ 15 ನಿಮಿಷ ಸುಮ್ನೆ ಮೇಜಿನ ಮೇಲೇ ಇರಿಸಿಕೊಂಡು, ಕೊಳವೆ ತೆಗೆದು ವಾರ್ಡಿಗೆ ಕಳಿಸಿದರು. ವಾರ್ಡಿನಲ್ಲಿ ನೋಡಿಕೊಳ್ಳುವವರಿಗೂ ಯಾರಿಗೆ ಏನಾಗಿದೆ ಅಂತ ಹೇಳಲಿಲ್ಲ.

ಆರು ವಾರ ಬಿಟ್ಟು ಟ್ರೆಡ್‌ಮಿಲ್ ಮೇಲೆ ನಡೆಸಿದರು. ಸ್ಟೆಂಟ್ ಹಾಕಿಸಿಕೊಂಡವರು ಮೊದಲಿಗಿಂತ ಸುಮಾರು 28 ಸೆಕೆಂಡ್ ಜಾಸ್ತಿ ನಡೆದರು. ಹಾಕಿಸಿಕೊಳ್ಳದವರು ಸುಮಾರು 12 ಸೆಕೆಂಡ್. ನಡುವೆ 16.6 ಸೆಕೆಂಡಿನ ಅಂತರ. ಅದು ಲೆಕ್ಕಕ್ಕೆ ಬರುವಷ್ಟು ದೊಡ್ಡದಲ್ಲ ಅಂತ ತೀರ್ಮಾನ ಆಯಿತು. ನಾಳ ಮಾತ್ರ ಪರದೆಯ ಮೇಲೆ ಚೆನ್ನಾಗಿ ತೆರೆದುಕೊಂಡಿತ್ತು.

ಸುದ್ದಿಯಲ್ಲಿ ‘ಸ್ಟೆಂಟ್ ದಂಡ’ ಅನ್ನುವ ಧಾಟಿ ಕಾಣಿಸಿತು. ಅದು ತಪ್ಪು ಓದು. ಔಷಧಿಯನ್ನು ಚೆನ್ನಾಗಿ ಕೊಟ್ಟ ಮೇಲೆ ಸ್ಟೆಂಟ್ ಎಷ್ಟು ಹೆಚ್ಚುವರಿ ಲಾಭ ಕೊಡುತ್ತದೆ ಅನ್ನುವುದಷ್ಟೇ ಅಲ್ಲಿದ್ದ ಪ್ರಶ್ನೆ. ಅದೇ ತಂಡ ಪ್ರಶ್ನೆ ಬದಲಿಸಿ ಆರ್ಬಿಟಾ 2 ಮಾಡಿತು. ಈ ಸಲ 301 ಜನ, ಎದೆನೋವಿನ ಮಾತ್ರೆಗಳನ್ನು ನಿಲ್ಲಿಸಿದ ಮೇಲೆ. ಮತ್ತೆ ಹೆಡ್‌ಫೋನ್, ಮತ್ತೆ ಹುಸಿ ಚಿಕಿತ್ಸೆ. 2023ರಲ್ಲಿ ಫಲಿತಾಂಶ ಬಂತು: ಸ್ಟೆಂಟ್ ಹಾಕಿಸಿಕೊಂಡವರಿಗೆ ಎದೆನೋವು ನಿಜಕ್ಕೂ ಕಡಿಮೆಯಿತ್ತು. ಹಾಗಿದ್ದರೂ ಆ ಗುಂಪಿನಲ್ಲಿ ನೋವು ಉಳಿದುಕೊಂಡವರು ಬಹಳ ಜನ. ಈಗ ಡಾಕ್ಟರು ರೋಗಿಯ ಎದುರು ಕೂತು ಎರಡೂ ದಾರಿಯ ಬಗ್ಗೆ ಅಂಕಿ ಇಟ್ಟುಕೊಂಡು ಮಾತಾಡಬಹುದು. ಎರಡೂ ಪ್ರಯೋಗಕ್ಕೆ ಸೇರಿದ ಆ 501 ಜನ, ತಮಗೆ ಏನು ಸಿಗುತ್ತದೋ ಗೊತ್ತಿಲ್ಲದೆ ಮೇಜಿನ ಮೇಲೆ ಮಲಗಿದವರು, ಅವರ ಬಗ್ಗೆ ನನಗೆ ಬಹಳ ಗೌರವ.

ಕಾಲ ಕಳೆದಂತೆ

ಕೆಲವು ಉತ್ತರಗಳು ವರ್ಷಗಟ್ಟಲೆ ಕಾದ ಮೇಲೇ ಸಿಗುವುದು. ಹೊಟ್ಟೆಯ ಮಹಾಪಧಮನಿ, ಅಂದರೆ ಅಲ್ಲಿನ ಅತಿ ದೊಡ್ಡ ರಕ್ತನಾಳ, ಬಲೂನಿನ ಹಾಗೆ ಊದಿಕೊಂಡರೆ ಒಡೆಯುವ ಭಯ. ಹಿಂದೆ ಹೊಟ್ಟೆ ಕೊಯ್ದೇ ಸರಿಪಡಿಸಬೇಕಿತ್ತು. ಈಗ ತೊಡೆಸಂದಿನಿಂದ ಬಟ್ಟೆ ಹೊದಿಸಿದ ಸ್ಟೆಂಟ್ ಕಳಿಸಿ ಒಳಗಿನಿಂದ ಆಸರೆ ಕೊಡಬಹುದು. ಬ್ರಿಟನ್ನಿನ ಇವಾರ್ 1 ಪ್ರಯೋಗದಲ್ಲಿ 1252 ರೋಗಿಗಳಿದ್ದರು. ಮೊದಲ 30 ದಿನದಲ್ಲಿ ತೀರಿಕೊಂಡವರು ಸ್ಟೆಂಟ್ ಗುಂಪಿನಲ್ಲಿ ನೂರಕ್ಕೆ 1.8, ಕೊಯ್ದ ಗುಂಪಿನಲ್ಲಿ 4.3. ಸ್ಪಷ್ಟ ಗೆಲುವು. ಅಲ್ಲಿಗೇ ಪ್ರಯೋಗ ನಿಲ್ಲಿಸಿದ್ದರೆ ನಮಗೆ ಗೊತ್ತಾಗುತ್ತಿದ್ದದ್ದು ಅಷ್ಟೇ. ಅವರು ನಿಲ್ಲಿಸಲಿಲ್ಲ, 15 ವರ್ಷ ಹಿಂಬಾಲಿಸಿದರು. ಕೆಲವೇ ವರ್ಷದಲ್ಲಿ ಎರಡೂ ಗುಂಪು ಸಮ ಆಯಿತು. ಎಂಟು ವರ್ಷ ದಾಟಿದ ಮೇಲೆ ಸ್ಟೆಂಟ್ ಗುಂಪಿನಲ್ಲೇ ಸಾವು ಜಾಸ್ತಿ. ಸ್ಟೆಂಟಿನ ಪಕ್ಕದಿಂದ ರಕ್ತ ನುಸುಳಿ, ಊದಿದ ಭಾಗ ಮತ್ತೆ ಬೆಳೆದು ಒಡೆಯುವುದು ಒಂದು ಮುಖ್ಯ ಕಾರಣ. ಇದರಿಂದಲೇ ಈ ಸ್ಟೆಂಟ್ ಹಾಕಿಸಿಕೊಂಡವರು ಜೀವನಪೂರ್ತಿ ಸ್ಕ್ಯಾನ್ ಮಾಡಿಸುತ್ತಿರಬೇಕು ಅನ್ನುವುದು. ಹತ್ತಾರು ವರ್ಷ ಬದುಕುವ ಗಟ್ಟಿ ಮನುಷ್ಯನಿಗೂ ಆಪರೇಷನ್ ತಡೆದುಕೊಳ್ಳಲಾಗದ ಹಿರಿಯರಿಗೂ ಸಲಹೆ ಒಂದೇ ಆಗಿರುವುದಿಲ್ಲ.

ಹಿಂಬಾಲಿಸದೇ ಇದ್ದರೆ ಏನಾಗುತ್ತದೆ ಅನ್ನುವುದಕ್ಕೆ ಕಾಲಿನ ನಾಳದ ಕಥೆ ಇದೆ. ಬಲೂನ್ ಹಾಕಿದ ನಾಳ ಮತ್ತೆ ಕಟ್ಟಿಕೊಳ್ಳಬಾರದು ಅಂತ ಪ್ಯಾಕ್ಲಿಟ್ಯಾಕ್ಸೆಲ್ ಅನ್ನುವ ಔಷಧಿ ಸವರಿದ ಬಲೂನ್, ಸ್ಟೆಂಟ್ ಬಂದವು. ನಾಳ ತೆರೆದೇ ಉಳಿಯುತ್ತಿತ್ತು. 2018ರ ಡಿಸೆಂಬರ್‌ನಲ್ಲಿ 28 ಪ್ರಯೋಗಗಳನ್ನು, 4663 ರೋಗಿಗಳನ್ನು ಒಟ್ಟು ಸೇರಿಸಿದ ವಿಶ್ಲೇಷಣೆ ಬಂತು. ಎರಡು ವರ್ಷದ ಹೊತ್ತಿಗೆ ಔಷಧಿ ಸವರಿದ ಉಪಕರಣದ ಗುಂಪಿನಲ್ಲಿ ನೂರಕ್ಕೆ 7.2 ಜನ ತೀರಿಕೊಂಡಿದ್ದರು, ಇನ್ನೊಂದರಲ್ಲಿ 3.8. ಜಗತ್ತಿನಾದ್ಯಂತ ಗಾಬರಿ. ನಡೆಯುತ್ತಿದ್ದ ಪ್ರಯೋಗಗಳು ನಿಂತವು, ಎಫ್‌ಡಿಎ ಎಚ್ಚರಿಕೆ ಕೊಟ್ಟಿತು.

ಹುಡುಕಿದಾಗ ಒಂದು ಸಣ್ಣ ಸತ್ಯ ಹೊರಬಂತು. ಹಳೆಯ ಪ್ರಯೋಗಗಳಲ್ಲಿ ಬಹಳ ರೋಗಿಗಳು ನಡುವೆಯೇ ಕಾಣೆಯಾಗಿದ್ದರು. ಅವರು ಬದುಕಿದ್ದಾರಾ ಇಲ್ಲವಾ ಅಂತ ಯಾರೂ ಬರೆದಿಟ್ಟಿರಲಿಲ್ಲ. ಪ್ರಯೋಗ ಅಳೆಯುತ್ತಿದ್ದದ್ದು ನಾಳ ತೆರೆದಿದೆಯಾ ಅನ್ನುವುದನ್ನು. ಕಳೆದುಹೋದವರನ್ನು ಹುಡುಕಿ ಸೇರಿಸಿದಾಗ ಅಂತರ ಕುಗ್ಗಿತು. ಸ್ವೀಡನ್ನಿನ ಸ್ವೀಡ್‌ಪ್ಯಾಡ್ ಪ್ರಯೋಗದ ನಡುವಿನ ಲೆಕ್ಕದಲ್ಲಿ 2289 ಜನರನ್ನು ನೋಡಿದಾಗ ಸಾವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. 2023ರ ಜುಲೈನಲ್ಲಿ ಎಫ್‌ಡಿಎ, ಸಾವು ಹೆಚ್ಚಾಗುತ್ತದೆ ಅನ್ನಲು ಆಧಾರ ಇಲ್ಲ ಅಂತ ಹೇಳಿತು. ನಾಲ್ಕೂವರೆ ವರ್ಷದ ಗೊಂದಲ. ಆ ಅವಧಿಯಲ್ಲಿ ಎಷ್ಟೋ ರೋಗಿಗಳಿಗೆ ಈ ಚಿಕಿತ್ಸೆ ಸಿಗಲಿಲ್ಲ, ಸಿಕ್ಕವರಿಗೆ ಸುಮ್ನೆ ಭಯ. ಪ್ರತಿ ರೋಗಿಗೂ ವರ್ಷಕ್ಕೊಮ್ಮೆ ಫೋನ್ ಮಾಡಿ ವಿಚಾರಿಸಿದ್ದರೆ ಇದರಲ್ಲಿ ಎಷ್ಟೋ ತಪ್ಪುತ್ತಿತ್ತು.

ಫೈಬ್ರಾಯ್ಡ್ ಗೆಡ್ಡೆಯ ಬಗ್ಗೆ ಡಚ್ಚರ ಎಮ್ಮಿ ಪ್ರಯೋಗ ಹೀಗೆ ಹಿಂಬಾಲಿಸಿ ವಿಚಾರಿಸುವುದಕ್ಕೆ ಒಳ್ಳೆಯ ಮಾದರಿ. ಗೆಡ್ಡೆ ಎಷ್ಟು ಸೆಂಟಿಮೀಟರ್ ಕುಗ್ಗಿತು ಅನ್ನುವುದಕ್ಕಿಂತ, ಕೊನೆಗೂ ಗರ್ಭಕೋಶ ತೆಗೆಸಬೇಕಾಯಿತಾ ಅಂತ ಕೇಳಿದರು. ಹತ್ತು ವರ್ಷ ಕಾದರು. ಗೆಡ್ಡೆಗೆ ಹೋಗುವ ರಕ್ತ ನಿಲ್ಲಿಸುವ ಚಿಕಿತ್ಸೆ ಪಡೆದ ಮಹಿಳೆಯರಲ್ಲಿ ಸುಮಾರು ಮೂರರಲ್ಲಿ ಇಬ್ಬರಿಗೆ ಗರ್ಭಕೋಶ ಉಳಿದಿತ್ತು. ಉಳಿದವರಿಗೆ ತೆಗೆಸಬೇಕಾಯಿತು. ಒಬ್ಬ ಮಹಿಳೆ ತೀರ್ಮಾನ ಮಾಡಲು ಬೇಕಾದ ಮಾಹಿತಿ ಇದು.

90ನೇ ದಿನದ ಫೋನ್

ಇಷ್ಟು ಓದಿದವರಿಗೆ ಈ ಚಿಕಿತ್ಸೆಗಳೆಲ್ಲ ಬರೀ ನಂಬಿಕೆಯ ಆಟ ಅನ್ನಿಸಿಬಿಟ್ಟರೆ ಅನ್ಯಾಯವಾಗುತ್ತದೆ. ಸ್ಟ್ರೋಕ್ ವಿಷಯಕ್ಕೆ ಬರುತ್ತೇನೆ.

ಮೆದುಳಿನ ದೊಡ್ಡ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಹಾಕಿಕೊಂಡರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶ ಸಾಯುತ್ತವೆ ಅಂತ ಅಂದಾಜು. ತೊಡೆಸಂದಿನಿಂದ ಮೆದುಳಿನವರೆಗೆ ಕೊಳವೆ ಕಳಿಸಿ ಹೆಪ್ಪನ್ನು ಎಳೆದು ತೆಗೆಯುವುದು ಎಷ್ಟು ಸಹಜವಾದ ಯೋಚನೆ! 2013ರಲ್ಲಿ ಮೂರು ಪ್ರಯೋಗಗಳ ಫಲಿತಾಂಶ ಒಟ್ಟಿಗೇ ಬಂತು. ಮೂರರಲ್ಲೂ ಲಾಭ ಕಾಣಲಿಲ್ಲ. ಅದನ್ನು ನಂಬಿ ಕೈಬಿಡಬಹುದಿತ್ತು. ಆದರೆ ಎಚ್ಚರದಿಂದ ಓದಿದವರಿಗೆ ಬಿರುಕು ಕಂಡಿತ್ತು. ಆಗಿನ ಉಪಕರಣ ಹೆಪ್ಪು ತೆಗೆಯುವುದರಲ್ಲಿ ಅಷ್ಟು ಚುರುಕಾಗಿರಲಿಲ್ಲ. ಚಿಕಿತ್ಸೆ ಶುರುವಾಗುವಾಗ ಹೊತ್ತು ಬಹಳ ಕಳೆದಿರುತ್ತಿತ್ತು. ದೊಡ್ಡ ನಾಳದಲ್ಲಿ ಹೆಪ್ಪು ಇದೆಯಾ ಅಂತ ಸ್ಕ್ಯಾನ್ ಮಾಡಿ ಖಚಿತ ಮಾಡಿಕೊಳ್ಳದೆಯೇ ಸೇರಿಸಿಕೊಂಡವರೂ ಇದ್ದರು. ಇಲ್ಲದ ಹೆಪ್ಪನ್ನು ತೆಗೆಯುವುದು ಹೇಗೆ?

ಆ ಹೊತ್ತಿಗೆ ನೆದರ್‌ಲ್ಯಾಂಡ್ಸ್‌ನಲ್ಲಿ ಎಂಆರ್ ಕ್ಲೀನ್ ಪ್ರಯೋಗ ನಡೆದಿತ್ತು. ಪ್ರಯೋಗಕ್ಕೆ ಸೇರಿದರೆ ಮಾತ್ರ ಈ ಚಿಕಿತ್ಸೆಯ ಖರ್ಚು ಕೊಡುತ್ತೇವೆ ಅನ್ನುವ ನಿಯಮ ಅಲ್ಲಿ ಬಂದಿತ್ತು. ಇದು ನನಗೆ ಬಹಳ ಬುದ್ಧಿವಂತ ನಿಯಮ ಅನ್ನಿಸುತ್ತದೆ. ಆಗ ಪ್ರತಿ ರೋಗಿಯಿಂದಲೂ ಎಲ್ಲರಿಗೂ ಕಲಿಯಲು ಸಿಗುತ್ತದೆ. 16 ಆಸ್ಪತ್ರೆ, 500 ರೋಗಿಗಳು. ಎಲ್ಲರಿಗೂ ಮೊದಲು ಸ್ಕ್ಯಾನ್‌ನಲ್ಲಿ ಹೆಪ್ಪು ಎಲ್ಲಿದೆ ಅಂತ ನೋಡಿಯೇ ಸೇರಿಸಿದರು. ಹೆಪ್ಪನ್ನು ಬಲೆಯಂಥ ಸ್ಟೆಂಟಿನಲ್ಲಿ ಸಿಕ್ಕಿಸಿ ಹೊರಗೆಳೆಯುವ ಹೊಸ ಉಪಕರಣ ಬಳಸಿದರು. ಆರು ಗಂಟೆಯೊಳಗೆ ಕೆಲಸ ಶುರು.

ಇಲ್ಲಿ ಹುಸಿ ಚಿಕಿತ್ಸೆ ಇರಲಿಲ್ಲ. ಸ್ಟ್ರೋಕ್ ಆದವರನ್ನು ಸುಮ್ನೆ ಮೇಜಿನ ಮೇಲೆ ಮಲಗಿಸಿ ಹೊತ್ತು ಕಳೆಯಲು ಆಗುವುದಿಲ್ಲ. ಹಾಗಾದರೆ ನಂಬಿಕೆಯ ಗಾಳಿ ಫಲಿತಾಂಶಕ್ಕೆ ತಾಗದ ಹಾಗೆ ನೋಡಿಕೊಳ್ಳುವುದು ಹೇಗೆ? ಅವರು ಕಂಡುಕೊಂಡ ದಾರಿ ಫೋನ್. 90ನೇ ದಿನಕ್ಕೆ ತರಬೇತಿ ಪಡೆದ ಒಬ್ಬರು ಕರೆ ಮಾಡುತ್ತಾರೆ. ಆ ರೋಗಿಗೆ ಯಾವ ಚಿಕಿತ್ಸೆ ಸಿಕ್ಕಿತ್ತು ಅಂತ ಅವರಿಗೆ ಹೇಳಿರುವುದಿಲ್ಲ. ಸ್ಕ್ಯಾನ್ ಎದುರಿಗಿಲ್ಲ, ಪರದೆ ಇಲ್ಲ. ಕೇಳುವುದು ಬದುಕಿನ ಮಾತು. ಯಾರ ಸಹಾಯವೂ ಇಲ್ಲದೆ ನಡೆಯುತ್ತೀರಾ? ನಿಮ್ಮ ಕೆಲಸ ನೀವೇ ಮಾಡಿಕೊಳ್ಳುತ್ತೀರಾ? ಮೊದಲು ಮಾಡುತ್ತಿದ್ದದ್ದರಲ್ಲಿ ಈಗ ಏನು ಆಗುತ್ತಿಲ್ಲ? ಮಾತು ಬಾರದವರ ಪರವಾಗಿ ಮನೆಯವರು ಉತ್ತರಿಸುತ್ತಾರೆ. ಉತ್ತರಗಳಿಂದ ಚಿಕಿತ್ಸೆಯ ಸುಳಿವುಗಳನ್ನೆಲ್ಲ ತೆಗೆದು, ಒಂದು ಸಮಿತಿ ಸೊನ್ನೆಯಿಂದ ಆರರವರೆಗೆ ಅಂಕ ಕೊಡುತ್ತದೆ. ಸೊನ್ನೆ ಅಂದರೆ ಯಾವ ತೊಂದರೆಯೂ ಇಲ್ಲ. ಆರು ಅಂದರೆ ಸಾವು. ಎರಡರವರೆಗೆ ಬಂದರೆ ಆ ಮನುಷ್ಯ ಇನ್ನೊಬ್ಬರನ್ನು ನೆಚ್ಚದೆ ಬದುಕುತ್ತಿದ್ದಾರೆ ಅಂತ ಅರ್ಥ.

ಹೆಪ್ಪು ತೆಗೆಸಿಕೊಂಡವರಲ್ಲಿ ಹಾಗೆ ಸ್ವತಂತ್ರವಾಗಿ ಇದ್ದವರು ನೂರಕ್ಕೆ 32.6. ಹೆಪ್ಪು ತೆಗೆಸದೆ ಮಾಮೂಲಿ ಚಿಕಿತ್ಸೆ ಮಾತ್ರ ಪಡೆದವರಲ್ಲಿ 19.1. ಈ ಫಲಿತಾಂಶ ಹೊರಬಿದ್ದ ಮೇಲೆ ಬೇರೆ ಕಡೆ ನಡೆಯುತ್ತಿದ್ದ ನಾಲ್ಕು ಪ್ರಯೋಗಗಳನ್ನು ನಡುವೆಯೇ ನಿಲ್ಲಿಸಿದರು, ಇನ್ನು ಚೀಟಿ ಎತ್ತುವುದು ನ್ಯಾಯವಲ್ಲ ಅಂತ. ಐದನ್ನೂ ಸೇರಿಸಿದಾಗ 1287 ರೋಗಿಗಳಾದರು. ಸುಮಾರು ಎರಡೂವರೆ ಜನರಿಗೆ ಈ ಚಿಕಿತ್ಸೆ ಕೊಟ್ಟರೆ ಅವರಲ್ಲಿ ಒಬ್ಬರ ಅಂಗವಿಕಲತೆ ಕನಿಷ್ಠ ಒಂದು ಮೆಟ್ಟಿಲು ಇಳಿಯುತ್ತದೆ ಅಂತ ಲೆಕ್ಕ ಸಿಕ್ಕಿತು. ವೈದ್ಯಕೀಯದಲ್ಲಿ ಇಷ್ಟು ಬಲವಾದ ಚಿಕಿತ್ಸೆ ಅಪರೂಪ. 2018ರಲ್ಲಿ ಡಾನ್ ಪ್ರಯೋಗ, ಸ್ಕ್ಯಾನ್‌ನಲ್ಲಿ ಉಳಿಸಬಹುದಾದ ಮೆದುಳು ಕಾಣುವವರಿಗೆ ಆರರಿಂದ 24 ಗಂಟೆಯ ನಡುವೆಯೂ ಇದು ಕೆಲಸ ಮಾಡುತ್ತದೆ ಅಂತ ತೋರಿಸಿತು. ಸ್ವತಂತ್ರವಾಗಿ ಇದ್ದವರು ಹೆಪ್ಪು ತೆಗೆಸಿಕೊಂಡವರಲ್ಲಿ ನೂರಕ್ಕೆ 49, ಉಳಿದವರಲ್ಲಿ 13.

ಅಂದರೆ ಇಷ್ಟು ಒಳ್ಳೆಯ ಫಲಿತಾಂಶ ಬಂದ ಡಾನ್ ಪ್ರಯೋಗದಲ್ಲೂ, ಹೆಪ್ಪು ತೆಗೆಸಿಕೊಂಡ ನೂರಕ್ಕೆ 51 ಜನರ 90ನೇ ದಿನದ ಉತ್ತರ ‘ಇಲ್ಲ, ನನ್ನ ಕೆಲಸಕ್ಕೆ ಇನ್ನೊಬ್ಬರು ಬೇಕು’ ಅಂತ, ಅಥವಾ ಉತ್ತರ ಹೇಳಲು ಅವರೇ ಉಳಿದಿರಲಿಲ್ಲ. ಇವರಲ್ಲಿ ಎಷ್ಟೋ ಜನರ ನಾಳ ಪರದೆಯ ಮೇಲೆ ಪೂರ್ತಿ ತೆರೆದುಕೊಂಡಿತ್ತು. ಹಾಗಿದ್ದೂ ಅವರು ಚೇತರಿಸಿಕೊಳ್ಳಲಿಲ್ಲ ಯಾಕೆ? ಹೆಪ್ಪಿನ ಚೂರುಗಳು ಸಣ್ಣ ನಾಳಗಳಿಗೆ ಹೋಗಿ ಕೂತವಾ, ರಕ್ತ ಮರಳುವ ಹೊತ್ತಿಗೆ ಮೆದುಳು ಸತ್ತೇ ಹೋಗಿತ್ತಾ, ಆಸ್ಪತ್ರೆ ಮುಟ್ಟಲು ತಡವಾಯಿತಾ? ಈಗಿನ ಪ್ರಯೋಗಗಳು ಇದನ್ನೇ ಹುಡುಕುತ್ತಿವೆ. ಅವುಗಳಲ್ಲೂ ಕೊನೆಗೆ 90ನೇ ದಿನ ರೋಗಿಯನ್ನೇ ವಿಚಾರಿಸುತ್ತಾರೆ.